ಗುಡ್ಡದ ಮೇಲಿನ ಸಭೆ

ನದಿ ಸಮುದ್ರ ಸೇರುವ ಅಳಿವೆಯ ಪಕ್ಕ, ಒಂದು ಕಾಡಿನಲ್ಲಿ ಏಡಿಯಮ್ಮ ಇದ್ದಳು. ಹೊಟ್ಟೆಯಡಿ ಮೊಟ್ಟೆ ಹೊತ್ತು ಕಾಯುವುದು, ಇಳಿತದ ನೀರಿನೊಡನೆ ಮರಿಗಳನ್ನು ಸಮುದ್ರಕ್ಕೆ ಕಳಿಸುವುದು, ಇದೇ ಅವಳ ಬದುಕು.

ಕಾಡಿನ ರಾಜ ಸಿಂಹಕ್ಕೆ ಸೆಕೆ ತಡೆಯದು. ಮಂತ್ರಿ ನರಿ ಬೆಣ್ಣೆಯಂತೆ ಮಾತಾಡಿತು. "ಮಹಾಪ್ರಭು, ಅಳಿವೆಗೆ ಅಡ್ಡ ಕಟ್ಟೆ ಕಟ್ಟಿ ಚಕ್ರ ಕೂರಿಸೋಣ. ಉಬ್ಬರದ ನೀರು ಚಕ್ರ ತಿರುಗಿಸುತ್ತದೆ, ಚಕ್ರ ತಮಗೆ ಬೀಸಣಿಗೆ ಬೀಸುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ. ಪರಿಸರಕ್ಕೆ ಬಲು ಒಳ್ಳೆಯದು!" ಕಟ್ಟೆಯ ಮೇಲೆ ತನಗೊಂದು ಬಂಗಲೆಯನ್ನೂ ಅದು ಸೇರಿಸಿಕೊಂಡಿತ್ತು. ಉಸ್ತುವಾರಿ ನೋಡಬೇಕಲ್ಲ!

"ಪ್ರಜೆಗಳನ್ನು ಕೇಳಬೇಡವೇ?" ಸಿಂಹ ಆಕಳಿಸುತ್ತ ಕೇಳಿತು.

"ಕೇಳದೆ ಉಂಟೇ ಪ್ರಭು?"

ನರಿ ಸಭೆ ಕರೆಯಿತು. ಎಲ್ಲಿ? ಗುಡ್ಡದ ತುದಿಯಲ್ಲಿ, ನಡುಮಧ್ಯಾಹ್ನ. ಮೀನುಗಳು ಗುಡ್ಡ ಹತ್ತುವುದುಂಟೇ? ಏಡಿಯಮ್ಮನಿಗೆ ಕಾಲೇನೋ ಇದ್ದವು, ನಡೆಯುವುದು ಮಾತ್ರ ಅಡ್ಡಡ್ಡ. ಕಾದ ಬಂಡೆಗಳನ್ನು ದಾಟಿ ಅವಳು ಮೇಲೆ ಮುಟ್ಟುವಷ್ಟರಲ್ಲಿ ಸಭೆ ಮುಗಿದಿತ್ತು.

"ಅಯ್ಯಾ, ನನ್ನ ಮರಿಗಳು ಸಮುದ್ರಕ್ಕೆ ಹೋಗುವುದು ಹೇಗೆ?" ಎಂದಳು.

"ತಡವಾಯಿತಮ್ಮಾ. ಬಾರದವರಿಗೆ ತಕರಾರಿಲ್ಲ ಅಂತ ಕಾನೂನೇ ಆಗಿಹೋಯಿತು," ಎಂದು ನರಿ ಬಾಲ ಕೊಡವಿತು.

ಕಟ್ಟೆ ಎದ್ದಿತು. ಆ ಸಲದ ಮರಿಗಳು ನಿಂತ ನೀರಿನಲ್ಲೇ ಸತ್ತವು. ಏಡಿಯಮ್ಮ ಅತ್ತಳು. ನೀರಿನಲ್ಲಿರುವವರ ಕಣ್ಣೀರು ಯಾರಿಗೆ ಕಾಣುತ್ತದೆ?

ಮಳೆಗಾಲ ಬಂತು. ಹೂಳು ತುಂಬಿ ಚಕ್ರ ನಿಂತಿತು. ದಾರಿ ಕಾಣದ ನದಿ ಸೀದಾ ಸಿಂಹದ ಗುಹೆಗೆ ನುಗ್ಗಿತು. ಮೀಸೆ ಒದ್ದೆಯಾದಾಗ ರಾಜನಿಗೆ ಪರಿಸರದ ನೆನಪಾಯಿತು.

"ಕಟ್ಟೆ ಒಡೆಯುವುದೋ ಬೇಡವೋ? ನಾಳೆ ಗುಡ್ಡದ ಮೇಲೆ ಸಭೆ!" ಎಂದು ಸಿಂಹ ಸಾರಿತು.

ಏಡಿಯಮ್ಮ ಆ ಗಳಿಗೆಯೇ ಹೊರಟಳು. ಅವಳ ಹೊಟ್ಟೆಯಡಿ ಹೊಸ ಮೊಟ್ಟೆಗಳಿದ್ದವು. ಮರುದಿನ ಎಲ್ಲರಿಗಿಂತ ಮುಂದೆ ಕೂತಿದ್ದವಳು ಅವಳೇ.

ನರಿಯ ಬಂಗಲೆಯ ಸುತ್ತ ಮಾತ್ರ ನೀರೋ ನೀರು. "ಒಡೆಯಬೇಡಿ! ನಾನಿಲ್ಲಿದ್ದೇನೆ!" ಎಂದು ಅದು ಅಲ್ಲಿಂದಲೇ ಊಳಿಟ್ಟಿತು. ಹೊಳೆಯ ಅಬ್ಬರದಲ್ಲಿ ಗುಡ್ಡದವರಿಗೆ ಏನೂ ಕೇಳಿಸಲಿಲ್ಲ.

"ಮಂತ್ರಿ ಏನನ್ನುತ್ತಾನೆ?" ಸಿಂಹ ಕೇಳಿತು.

"ಅವರು ಬಂದೇ ಇಲ್ಲ, ಪ್ರಭು," ಎಂದಳು ಏಡಿಯಮ್ಮ.

"ಬಾರದವರಿಗೆ ತಕರಾರಿಲ್ಲ. ಒಡೆಯಿರಿ!"

ಆನೆಗಳು ಕಟ್ಟೆ ಒಡೆದವು. ಬಂಗಲೆಯ ಬಾಗಿಲನ್ನು ತಬ್ಬಿಕೊಂಡು ನರಿ ಸಮುದ್ರದ ದಾರಿ ಹಿಡಿಯಿತು. ಅದರ ಹಿಂದೆಯೇ, ಮುಂದಿನ ಇಳಿತದಲ್ಲಿ, ಏಡಿಯಮ್ಮನ ಸಾವಿರ ಮರಿಗಳೂ ಹೊರಟವು.

ನೀತಿ: ಬೇರೆಯವರ ಬಾಯಿ ಮುಚ್ಚಿಸಲು ಮಾಡಿದ ಕಾನೂನು ಒಂದು ದಿನ ಮಾಡಿದವನ ಬಾಯನ್ನೂ ಮುಚ್ಚಿಸುತ್ತದೆ.