ಮುದ್ದಮ್ಮನ ಹಿತ್ತಲ ಬ್ರೊಕೊಲಿ

ಒಂದು ಬೆಟ್ಟದ ಸೀಮೆ. ಆ ಸೀಮೆಗೊಬ್ಬ ರಾಜ. ರಾಜರಿಗೆಲ್ಲ ಒಂದೊಂದು ಹುಚ್ಚು ಇರುತ್ತದಲ್ಲ ಮಕ್ಕಳೇ, ಇವನಿಗೆ ಹಿತ್ತಲಿನ ಹುಚ್ಚು. ಯುಗಾದಿಯ ದಿನ ಮನೆಮನೆಗೂ ನಡೆದು ಹೋಗಿ ಶಲ್ಯ ಒಡ್ಡುತ್ತಿದ್ದ. ಪ್ರತಿ ಮನೆಯವರೂ ತಮ್ಮ ಹಿತ್ತಲಲ್ಲಿ ಬೆಳೆದದ್ದನ್ನು ಅದಕ್ಕೆ ಹಾಕಬೇಕು. ಒಂದು ಮೆಣಸಿನಕಾಯಿಯಾದರೂ ಸರಿಯೇ. ಏನೂ ಹಾಕದವರ ಹಿತ್ತಲು ಪಕ್ಕದ ಮನೆಯವರ ಪಾಲು. ಅದು ಅಲ್ಲಿಯ ಕಟ್ಟಳೆ.

ಆ ಊರಲ್ಲಿ ಮುದ್ದಮ್ಮ ಅಂತ ಒಬ್ಬ ಮುದುಕಿ. ಪಕ್ಕದ ಮನೆ ತಿಪ್ಪಯ್ಯನದು. ಅವನಿಗೆ ಅರಮನೆಯ ಉಗ್ರಾಣದಲ್ಲಿ ಕೆಲಸ, ಇರೋಕೆ ದೊಡ್ಡ ಮನೆ. ಆದರೂ ಕಣ್ಣು ಮಾತ್ರ ಮುದುಕಿಯ ಅಂಗೈಯಗಲದ ಹಿತ್ತಲಿನ ಮೇಲೆ. ಅದೊಂದು ಸಿಕ್ಕರೆ ಕುದುರೆಗೆ ಲಾಯ ಕಟ್ಟಿಸಬಹುದು ಅಂತ.

ಆ ವರ್ಷ ಚಳಿಯೋ ಚಳಿ. ಮುದ್ದಮ್ಮನ ಅವರೆ ಮುರುಟಿತು. ಬದನೆ ಕಪ್ಪಾಯಿತು. ಕುಂಬಳದ ಬಳ್ಳಿ ಕೊಳೆತು ಹೋಯಿತು. ಅವಳು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಒಬ್ಬ ದಾರಿಹೋಕ ಬಂದ. ಅವಳು ಕೊಟ್ಟ ಬಿಸಿ ಗಂಜಿ ಕುಡಿದು, ಸಾಸಿವೆಯಂಥ ನಾಲ್ಕಾರು ಬೀಜ ಅವಳ ಕೈಗೆ ಹಾಕಿದ.

"ಅಮ್ಮಾ, ಇದು ಬ್ರೊಕೊಲಿ. ದೂರದೇಶದ ತರಕಾರಿ. ಚಳಿ ಅಂದ್ರೆ ಇದಕ್ಕೆ ಬಲು ಇಷ್ಟ. ಮೊಗ್ಗಲ್ಲೇ ಕೊಯ್ದು ತಿನ್ನಬೇಕು, ಹೂವಾದ್ರೆ ಮುಗೀತು," ಅಂದ. ಹೊರಟೂ ಹೋದ.

ಬಿತ್ತಿದ್ದರಲ್ಲಿ ಒಂದೇ ಒಂದು ಸಸಿ ಉಳಿಯಿತು. ಮುದ್ದಮ್ಮ ಅದಕ್ಕೆ ಗೊಬ್ಬರ ಹಾಕಿದಳು, ಅಕ್ಕಿ ತೊಳೆದ ನೀರು ಹೊಯ್ದಳು, ದಿನಾ ಬೆಳಿಗ್ಗೆ ಬೈದುಕೊಂಡೇ ಹಸಿರು ಹುಳ ಆರಿಸಿದಳು.

ಒಂದು ದಿನ ಎಲೆಗಳ ನಡುವೆ ಹಸಿರು ಗಂಟು ಕಾಣಿಸಿತು. ಮುಷ್ಟಿಯಷ್ಟಾಯಿತು. ಬೊಗಸೆಯಷ್ಟಾಯಿತು. ಒಂದು ಕಾಂಡ, ಅದಕ್ಕೆ ಕೊಂಬೆ, ಕೊಂಬೆಗೆ ರೆಂಬೆ, ರೆಂಬೆ ತುಂಬ ರಾಗಿ ಕಾಳಿಗಿಂತ ಸಣ್ಣ ಮೊಗ್ಗು. ದೊಡ್ಡ ಆಲದ ಮರವನ್ನು ದೇವರು ಚಿಕ್ಕದು ಮಾಡಿ ಅಲ್ಲಿಟ್ಟ ಹಾಗಿತ್ತು. ನೋಡಲು ಬಂದ ಜನ ಚಪ್ಪಲಿ ಬಿಟ್ಟು ನಿಂತರು.

ತಿಪ್ಪಯ್ಯನಿಗೆ ಮಾತ್ರ ಹೊಟ್ಟೆ ಉರಿಯಿತು. ಮುದುಕಿ ನೀರು ತರಲು ಹೋದಾಗ ಗೋಡೆ ಹಾರಿ ಬಂದ, ಗಿಡದ ಆ ಹಸಿರು ತಲೆ ಕಡಿದ, ಪಲ್ಯ ಮಾಡಿಸಿ ತಿಂದು ತೇಗಿದ.

"ಅಯ್ಯೋ, ನನ್ನ ಗಿಡದ ತಲೆ ಹೋಯ್ತಲ್ಲಪ್ಪೋ!" ಅಂತ ಮುದ್ದಮ್ಮ ಅತ್ತಳು. ಆ ಅಳು ನಿಜವಾದ ಅಳು. ಆದರೂ ತಲೆ ಹೋದ ಗಿಡಕ್ಕೆ ನೀರು ಹಾಕುವುದನ್ನು ಬಿಡಲಿಲ್ಲ. ಬಿಡಲು ಮನಸ್ಸು ಬರಲಿಲ್ಲ, ಅಷ್ಟೇ.

ಕೆಲವು ದಿನ ಕಳೆಯಿತು. ಎಲೆಯ ಕಂಕುಳಲ್ಲೊಂದು ಪುಟ್ಟ ತಲೆ! ಈಚೆಗೊಂದು, ಆಚೆಗೊಂದು! ಮುದ್ದಮ್ಮ ಬಾಯಿಗೆ ಸೆರಗು ಹಿಡಿದು ನಿಂತೇಬಿಟ್ಟಳು.

ತಿಪ್ಪಯ್ಯ ಮತ್ತೆ ಬಂದ, ಅವನ್ನೂ ಕಡಿದ. ಅವು ಹೋದ ಮೇಲೆ ಇನ್ನೂ ಹೆಚ್ಚು ಕುಡಿ ಒಡೆದವು. ಕಡಿದಷ್ಟೂ ಕೊಡುವ ಗಿಡ ಇದು ಅಂತ ಮುದುಕಿಗೆ ಆಗ ಗೊತ್ತಾಯಿತು. ಒಳಗೊಳಗೇ ನಕ್ಕಳು. ಹೊರಗೆ ಮೊದಲಿಗಿಂತ ಜೋರಾಗಿ ಅತ್ತಳು.

ತಿಪ್ಪಯ್ಯನಿಗೆ ಅನುಮಾನ ಬಂತು. ಮೂರನೆಯ ಸಲ ಬೇರನ್ನೇ ಕಿತ್ತುಬಿಡೋಣ ಅಂತ ಗುದ್ದಲಿ ಹಿಡಿದೇ ಗೋಡೆಯಾಚೆ ಬಂದು ಹೊಂಚು ಹಾಕಿದ. ಮುದ್ದಮ್ಮ ಅದನ್ನು ನೋಡಿದಳು. ನೋಡಿಯೂ ನೋಡದವಳ ಹಾಗೆ ಹಸುವಿನ ಹತ್ತಿರ ಗಟ್ಟಿಯಾಗಿ ಹೇಳಿದಳು:

"ಗೌರೀ, ಆ ಕಳ್ಳ ಬೇಕಾದ್ರೆ ಬೇರು ಕಿತ್ಕೊಂಡು ಹೋಗ್ಲಿ ಕಣೇ, ಬೇರಲ್ಲೇನಿದೆ, ಮಣ್ಣು! ತಲೆ ಮುಟ್ಟದೆ ಇದ್ರೆ ಸಾಕು. ತಲೆ ಹೋದ್ರೆ ನಾನು ಕೆಟ್ಟೆ!"

ಓಹೋ, ಹಾಗಾ ಅಂದುಕೊಂಡ ತಿಪ್ಪಯ್ಯ. ಅವಳು ನೀರಿಗೆ ಹೋದದ್ದೇ ತಡ, ಗುದ್ದಲಿ ಬಿಸಾಡಿ ಕುಡುಗೋಲು ತಂದು ಕಂಡ ಕಂಡ ತಲೆಯನ್ನೆಲ್ಲ ಕೊಯ್ದ.

ಇನ್ನು ಮುಗಿಯಿತು ಅಂತ ತಿಪ್ಪಯ್ಯ ಆ ಕಡೆ ತಿರುಗಿಯೂ ನೋಡಲಿಲ್ಲ. ಕೆಲವು ವಾರ ಕಳೆದು ಯುಗಾದಿ ಬಂತು. ರಾಜ ಬಂದ. ಹಿತ್ತಲು ಅಳೆಯಲು ತಿಪ್ಪಯ್ಯ ಹಗ್ಗವನ್ನೇ ಹಿಡಿದು ಬಂದ. ರಾಜ ಶಲ್ಯ ಒಡ್ಡಿದ.

"ಒಳಗೆ ಬನ್ನಿ ಬುದ್ಧಿ, ನೀವೇ ಕೊಯ್ಕೊಳ್ಳಿ," ಅಂದಳು ಮುದ್ದಮ್ಮ.

ಒಂದೇ ಗಿಡ. ಎಲೆ ಎಲೆಯ ಬುಡದಲ್ಲೂ ಒಂದೊಂದು ಪುಟ್ಟ ಮರ! ಹಸಿರೋ ಹಸಿರು, ತೋಪಿಗೆ ತೋಪೇ ಅಲ್ಲಿ ನಿಂತಿತ್ತು. ರಾಜ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗಿಡದ ಮುಂದೆ ಬಗ್ಗಿದ. ತಿಪ್ಪಯ್ಯನ ಕೈಯಿಂದ ಹಗ್ಗ ಜಾರಿತು.

"ಇದು ಹೆಂಗೆ ಸಾಧ್ಯ! ಮೂರು ಸಲ ನಾನೇ ನನ್ನ ಕೈಯಾರೆ ಕಡಿದಿದ್ದೀನಲ್ಲ!"

ಹೇಳಿಬಿಟ್ಟ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ. ರಾಜ ಅವನ ಕಡೆ ತಿರುಗಿದ.

ಮುದ್ದಮ್ಮ ಒಂದು ಎಲೆ ಎತ್ತಿ ತೋರಿಸಿದಳು. ಅದರ ಅಡಿಯಲ್ಲಿ ಒಂದು ಕುಡಿ ಹಳದಿ ಹೂ ಬಿಟ್ಟು ಒಣಗಿತ್ತು. "ಅವರ ಕುಡುಗೋಲಿಗೆ ಸಿಗದೆ ಹೋದದ್ದು ಇದೊಂದೇ ಬುದ್ಧಿ. ಅವರು ಕಡೀದೆ ಇದ್ದಿದ್ರೆ ಇಡೀ ಗಿಡ ಹಿಂಗೇ ಹೂವಾಗಿ ಮುಗಿದಿರೋದು. ನಿಮ್ಮ ಶಲ್ಯಕ್ಕೆ ಹಾಕೋಕೆ ನನ್ನ ಹತ್ರ ಏನೂ ಇರ್ತಿರಲಿಲ್ಲ. ನನ್ನ ಹಿತ್ತಲು ಉಳಿಸಿದ್ದು ಈ ತಿಪ್ಪಯ್ಯನೋರೇ!"

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅಪ್ಪಣೆ ಮಾಡಿದ: "ತಿಪ್ಪಯ್ಯ, ನಾಳೆಯಿಂದ ದಿನಾ ಬೆಳಿಗ್ಗೆ ಈ ತಾಯಿಯ ಗಿಡದ ಹುಳ ಆರಿಸು. ಗೋಡೆ ಹಾರಿ ಬರಬೇಡ, ಬಾಗಿಲಲ್ಲಿ ಬಾ."

ಅಳೆಯಲು ತಂದ ಹಗ್ಗ ಅವರೆ ಚಪ್ಪರಕ್ಕೆ ಆಯಿತು.

ತಿಳೀತಾ ಮಕ್ಕಳೇ? ಇನ್ನೊಬ್ಬರನ್ನು ಕಡಿದು ಮುಗಿಸುತ್ತೇನೆ ಅಂತ ಹೊರಟವನು ತಾನೇ ಬಯಲಾದ. ತಲೆ ಹೋದ ಗಿಡಕ್ಕೂ ನೀರು ಹಾಕಿದವಳು ಗೆದ್ದಳು. ಯಾರಾದರೂ ನಿಮ್ಮದನ್ನು ಕಡಿದರೆ ಅಳಿ, ತಪ್ಪಿಲ್ಲ. ಅತ್ತು ಮುಗಿಸಿ ಬೇರಿಗೆ ನೀರು ಹಾಕಿ.

ಹೂಂ, ಏಳಿ ಈಗ. ಅಂಗಳದ ಗಿಡಕ್ಕೆ ಒಂದೊಂದು ತಂಬಿಗೆ ನೀರು ಹಾಕಿ, ಕೈ ತೊಳೆದು ಊಟಕ್ಕೆ ಬನ್ನಿ.