ಬಳೆಗಾರನ ಸೈಲೆನ್ಸರ್

“ಗುರುಗಳೇ, ಮಗಳನ್ನು ಇನ್ನೆಷ್ಟು ಬಿಗಿಯಾಗಿ ಹಿಡಿಯಬೇಕು?” ಎಂದು ಅಡಿವೆಪ್ಪ ಕೇಳಿದ. ಅವಳ ಒಳ್ಳೆಯದಕ್ಕೆಂದೇ ಅವನು ವಾರಕ್ಕೊಂದು ಕಟ್ಟಳೆ ಮಾಡಿದ್ದ. ಗೆಳತಿಯರ ಮನೆಗೆ ಹೋಗುವುದು ನಿಂತಿತ್ತು, ಹಾಡಿನ ಪಾಠ ನಿಂತಿತ್ತು. ಈಗ ಅವಳು ಅಪ್ಪನ ಜೊತೆ ಮಾತನ್ನೇ ನಿಲ್ಲಿಸಿದ್ದಳು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿ ಗಾಜಿನ ಬಳೆ ತೊಡಿಸುತ್ತಿದ್ದ. ಆ ಬೈಕಿನ ಸೈಲೆನ್ಸರ್ ನಟ್ಟುಗಳು ಪದೇ ಪದೇ ಸಡಿಲವಾಗುತ್ತಿದ್ದವು. ಅವನೋ ಮಹಾ ಹಟಮಾರಿ. ಜೇಬಿನಲ್ಲೇ ಸ್ಪ್ಯಾನರ್ ಇಟ್ಟುಕೊಂಡು, ಊರಿಗೊಮ್ಮೆ ಇಳಿದು, ಹಲ್ಲು ಕಚ್ಚಿ ಬಿಗಿಯುತ್ತಿದ್ದ. ಮುಂದಿನ ಊರು ಬರುವಷ್ಟರಲ್ಲಿ ಸೈಲೆನ್ಸರ್ ಮತ್ತೆ ಗಡಗಡ ಅನ್ನುತ್ತಿತ್ತು. ಆ ಅದುರಾಟಕ್ಕೆ ಬಳೆಗಳು ಪೆಟ್ಟಿಗೆಯೊಳಗೇ ಬಿರುಕು ಬಿಡುತ್ತಿದ್ದವು.

ಒಂದು ದಿನ ಸೀಮಂತದ ಮನೆಗೆ ಹಸಿರು ಬಳೆ ಒಯ್ಯಬೇಕಿತ್ತು. ಬಸುರಿಯ ಮುಂದೆ ಪೆಟ್ಟಿಗೆ ತೆರೆದಾಗ ಒಡೆದ ಬಳೆ ಕಂಡರೆ ಮನೆಮಂದಿಯ ಮನಸ್ಸು ಮುರಿಯುತ್ತದೆ. ಆಮೇಲೆ ಆ ಸೀಮೆಯಲ್ಲಿ ಯಾರೂ ಅವನನ್ನು ಶುಭಕಾರ್ಯಕ್ಕೆ ಕರೆಯುವುದಿಲ್ಲ. ಪಾಪ, ಅರ್ಧ ದಾರಿಯಲ್ಲೇ ಗಡಗಡ ಶುರುವಾಯಿತು. ಎಷ್ಟು ಬಿಗಿದರೂ ನಿಲ್ಲಲಿಲ್ಲ. ಅಳುವೇ ಬಂದಂತಾಗಿ, ಬೈಕನ್ನು ತಳ್ಳಿಕೊಂಡು ಒಬ್ಬ ಮೆಕ್ಯಾನಿಕ್ ಬಳಿಗೆ ಹೋದ.

ಮೆಕ್ಯಾನಿಕ್ ಬಿಸಿ ಇಂಜಿನ್ ತಣ್ಣಗಾಗುವ ತನಕ ಕಾದ. ಆಮೇಲೆ ಮುಂದಿನ ನಟ್ಟು, ಹಿಂದಿನ ಬೋಲ್ಟು, ಎಲ್ಲವನ್ನೂ ಸಡಿಲ ಮಾಡಿದ. ಬಳೆಗಾರ ಅವನ ಕೈ ಹಿಡಿದ.

“ಬಿಗಿ ಮಾಡಪ್ಪ ಅಂತ ತಂದ್ರೆ ಇದ್ದಿದ್ದನ್ನೂ ಬಿಚ್ತೀಯಲ್ಲ?” ಎಂದ.

“ನೀವು ಸೈಲೆನ್ಸರ್ ಪೈಪನ್ನ ಎಳೆದು ತಂದು ಬಿಗಿದಿದ್ದೀರಿ, ಅಣ್ಣ. ಅದು ತನ್ನ ಜಾಗಕ್ಕೆ ಜಗ್ಗುತ್ತಲೇ ಇರುತ್ತೆ, ನಟ್ಟು ಸಡಿಲಾಗುತ್ತಲೇ ಇರುತ್ತೆ. ಬಿಟ್ಟರೆ ಎಲ್ಲಿ ನಿಲ್ಲುತ್ತೆ ಅಂತ ಒಂದ್ಸಲ ನೋಡ್ಬೇಕು.”

ಅವನು ಪೈಪನ್ನು ಮೆಲ್ಲಗೆ ಅಲುಗಿಸಿ ಕೈಬಿಟ್ಟ. ಅದು ತಾನಾಗಿ ಒಂದು ಕಡೆ ನಿಂತಿತು. ಹಿಂದಿನ ಬೋಲ್ಟು ಕೂರುವಲ್ಲಿ ಸಣ್ಣದೊಂದು ಸಂದು ಉಳಿಯಿತು. ಪೈಪನ್ನು ಅತ್ತ ಎಳೆಯದೆ, ಆ ಸಂದಿಗೆ ಎರಡು ವಾಷರ್ ಕೊಟ್ಟ. ನಟ್ಟುಗಳನ್ನು ಮೊದಲು ಬೆರಳಲ್ಲೇ ಕೂರಿಸಿ, ಆಮೇಲೆ ಇಲ್ಲಿಷ್ಟು ಅಲ್ಲಿಷ್ಟು ಬಿಗಿಯುತ್ತಾ ಬಂದ.

ಮೊದಲೇ ಒಡೆದಿದ್ದ ನಾಲ್ಕು ಬಳೆಗಳನ್ನು ಬಳೆಗಾರ ಅಲ್ಲೇ ತೆಗೆದಿಟ್ಟು ಹೊರಟ. ಉಳಿದವು ಇದ್ದ ಹಾಗೇ ತಲುಪಿದವು. ಬಸುರಿಯ ಎರಡೂ ಕೈ ತುಂಬಾ ತೊಡಿಸಿ ಬಂದ.

ಕತೆ ಮುಗಿದಾಗ ಅಡಿವೆಪ್ಪನಿಗೆ ಕೊಂಚ ಧೈರ್ಯ ಬಂತು. “ಅಂದರೆ ಕೊನೆಗೆ ಬಿಗಿಯಲೇಬೇಕಾಯಿತಲ್ಲ, ಗುರುಗಳೇ?” ಎಂದ.

“ಬಿಗಿದ, ಆದರೆ ಪೈಪು ತಾನಾಗಿ ಎಲ್ಲಿ ನಿಲ್ಲುತ್ತದೆಂದು ನೋಡಿದ ಮೇಲೆ. ಅಡಿವೆಪ್ಪ, ನೀನು ಬಿಟ್ಟರೆ ನಿನ್ನ ಮಗಳು ಎಲ್ಲಿ ನಿಲ್ಲುತ್ತಾಳೆಂದು ಒಮ್ಮೆಯಾದರೂ ನೋಡಿದ್ದೀಯಾ?”