ತಮ್ಮನ ಕೈಯ ಚರ್ಮ

ಸಂಜೆಯ ಪಾಠ ಮುಗಿದರೂ ಮುರಿಗೆಪ್ಪ ಏಳಲಿಲ್ಲ. ಮಠದ ಮಕ್ಕಳಿಗೆ ಪಾಠ ಹೇಳಿ ಹೇಳಿ ಅವನು ಹಣ್ಣಾಗಿದ್ದ.

"ಗುರುಗಳೇ, ತಾಯಿ ಸತ್ತ ಮೇಲೆ ಮಾತೇ ಬಿಟ್ಟಿದ್ದ ಒಬ್ಬ ಹುಡುಗನನ್ನು ಮಠಕ್ಕೆ ತಂದು ಸಾಕಿದೆ, ಪಾಠ ಹೇಳಿದೆ. ಇವತ್ತು ಅವನು ನನ್ನೆದುರು ನಿಂತು, ಶಾಸ್ತ್ರ ಒಲ್ಲೆ, ಮರಗೆಲಸ ಕಲಿಯುತ್ತೇನೆ ಎಂದ. ಅವನಲ್ಲಿ ನನ್ನದು ಅನ್ನುವುದು ಒಂದೂ ಇಲ್ಲ. ನಾನು ಪಟ್ಟ ಪಾಡೆಲ್ಲ ನೀರುಪಾಲಾಯಿತೆ?"

ಗುರುಗಳಿಗೂ ದಣಿವಾಗಿತ್ತು. ಗೋಡೆಗೆ ಒರಗಿ ಹೇಳತೊಡಗಿದರು.

"ಒಬ್ಬ ಅಡುಗೆಯವನಿದ್ದ. ಮದುವೆಮನೆಯಲ್ಲಿ ಕಾದ ಎಣ್ಣೆಯ ಬಾಣಲೆ ಮಗುಚಿ ಅವನ ಬಲಗೈ ಬೆಂದುಹೋಯಿತು. ಗಾಯ ಮಾಯಲೇ ಇಲ್ಲ. ಅವನನ್ನು ಸಾಕಿದವಳು ಅಕ್ಕ. ವೈದ್ಯೆ ಆಕೆಯ ತೊಡೆಯಿಂದ ಚೂರು ಚರ್ಮ ತೆಗೆದು, ಅದರ ಜೀವಕೋಶಗಳನ್ನು ಬೆಳೆಸಿ, ಲೋಳೆಸರದ ತಿರುಳಿನಂಥ ಜೆಲ್‌ನಲ್ಲಿ ಸೇರಿಸಿ ಗಾಯದ ಮೇಲೆ ಹಾಸಿ ಪಟ್ಟಿ ಕಟ್ಟಿದಳು. ಮೆಲ್ಲಗೆ ಗಾಯ ಮಾಯಿತು.

"ಅಕ್ಕನಿಗೆ ಹಿಗ್ಗೋ ಹಿಗ್ಗು. ಮನೆಗೆ ಯಾರು ಬಂದರೂ ತಮ್ಮನ ಅಂಗಿಯ ತೋಳು ಮಡಚಿ, ಇದು ನನ್ನ ಚರ್ಮ ಎಂದು ತೋರಿಸುವಳು. ಅವನು ಮತ್ತೆ ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತಳು. 'ನನ್ನ ಚರ್ಮ ಇಟ್ಕೊಂಡು ಮತ್ತೆ ಬೆಂಕಿ ಮುಂದೆ ನಿಲ್ತೀಯಾ? ಅದು ನಿಂದಲ್ಲ ಕಣೋ, ನಂದು' ಅಂದಳು. ಅಡುಗೆ ಬಿಟ್ಟರೆ ಬೇರೇನೂ ಬಾರದವನು ಅವನು. ಅಕ್ಕನ ಮಾತು ಮೀರಲಾರದೆ, ಸುಮ್ಮನೆ ಕೂರಲಾರದೆ ಸೊರಗಿಹೋದ. ಕೊನೆಗೆ ಅಕ್ಕನೇ ಅವನನ್ನು ವೈದ್ಯೆಯ ಬಳಿಗೆ ಎಳೆದುಕೊಂಡು ಹೋದಳು. 'ನೀವಾದ್ರೂ ಹೇಳಿ ಡಾಕ್ಟ್ರೇ, ಈ ಕೈ ಮೇಲಿರೋದು ನನ್ನ ಚರ್ಮ ತಾನೇ?'

"ವೈದ್ಯೆ ದಿನವಿಡೀ ಗಾಯ ತೊಳೆದು ಸುಸ್ತಾಗಿದ್ದಳು. ಸುತ್ತಿ ಬಳಸಿ ಹೇಳುವ ತ್ರಾಣ ಇರಲಿಲ್ಲ. 'ಇಲ್ಲಮ್ಮ. ನಿಮ್ಮದು ಸ್ವಲ್ಪ ದಿನ ಇದ್ದು ಸತ್ತುಹೋಯ್ತು. ಅಷ್ಟರಲ್ಲಿ ಇವರ ಚರ್ಮ ಬೆಳೆಯೋ ಹಾಗೆ ಮಾಡಿತ್ತು. ಈಗ ಇರೋದೆಲ್ಲ ಇವರದೇ' ಅಂದಳು. ಅಕ್ಕನ ಮುಖ ಸಣ್ಣಗಾಯಿತು."

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಮುರಿಗೆಪ್ಪನಿಗೆ ಆ ಅಕ್ಕನ ಮೇಲೆ ಮರುಕ ಹುಟ್ಟಿತು.

"ಪಾಪ, ಆಕೆ ಕೊಟ್ಟಿದ್ದು ಏನೂ ಉಳಿಯಲಿಲ್ಲವಲ್ಲ" ಎಂದ.

"ಆಕೆ ಕೊಟ್ಟಿದ್ದು ತಮ್ಮನ ಕೈ ಮಾಯಲೆಂದೋ ಮುರಿಗೆಪ್ಪ, ಆ ಕೈಯಲ್ಲಿ ತಾನು ಕಾಣಲೆಂದೋ?"

ಮುರಿಗೆಪ್ಪ ಎದ್ದು ಹುಡುಗನಿದ್ದ ಕಡೆಗೆ ನಡೆದ.